ಕತ್ತೆಗೊಂದು ಬಾಡಿಗೆ ಜಾಗ

ಈ ವಯಸ್ಸಿಗೆ ಬೆರಗಾಗೋಕೆ ಇನ್ನೇನು ಉಳಿದಿದೆ ಅಂತ ಎಲೆಅಡಿಕೆ ಬಾಯಿಗೆ ಹಾಕ್ಕೊಂಡು ಕೂತಿರ್ತೀನಿ. ಅಷ್ಟರಲ್ಲಿ ನಮ್ಮನೇಲಿ ಏನೋ ಒಂದಾಗಿ, ತೆಗೆದ ಬಾಯಿ ತೆಗೆದ ಹಾಗೇ ಇರುತ್ತೆ.

ಹೊಳಲ್ಕೆರೆಯ ನಮ್ಮ ಮನೆ ಪಡಸಾಲೇಲಿ ಕೂತು ಮೊಮ್ಮಗಳು ಕಂಪ್ಯೂಟರಿನಲ್ಲಿ ಗೊಂಬೆ ಚಿತ್ರ ಮಾಡ್ತಾಳೆ. ಅನಿಮೇಶನ್ ಅಂತಾರೆ. ದುರ್ಗದ ಕೋಟೆಗೆ ಕಲ್ಲು ಹೊರೋ ಕತ್ತೆ ಅರ್ಧ ದಾರೀಲಿ ಕುಂತು ಏಳಲ್ಲ ಅನ್ನೋ ಕತೇನ ಅವಳು ಚಿಕ್ಕವಳಿದ್ದಾಗ ನಾನು ಹೇಳ್ತಿದ್ದೆ. ಅದನ್ನೇ ಚಿತ್ರ ಮಾಡಿದಳು, ದನಿ ನಂದೇ. ಮೈಸೂರಿನ ಒಂದು ಕಂಪನಿ ಮೆಚ್ಚಿದರೆ ವರ್ಷವಿಡೀ ಮನೇಲೇ ಕೂತು ಮಾಡೋವಷ್ಟು ಕೆಲಸ. ಸೋಮವಾರದೊಳಗೆ ಚಿತ್ರ ಅವರಿಗೆ ಸಿಗಬೇಕು. ಆದರೆ ಫೈಲು ಎಷ್ಟು ದೊಡ್ಡದು ಅಂದ್ರೆ, ಮೇಲ್‌ನಲ್ಲಿ ಹೋಗೋದೇ ಇಲ್ಲ. ಇಂಟರ್ನೆಟ್ಟಿನಲ್ಲಿ ಜಾಗ ಬಾಡಿಗೆಗೆ ಹಿಡಿದು, ಚಿತ್ರ ಅಲ್ಲಿಟ್ಟು, ವಿಳಾಸ ಕೊಡಬೇಕಂತೆ. "ಅದಕ್ಕೆ ಹೋಸ್ಟಿಂಗ್ ಅಂತಾರೆ ಅಜ್ಜಿ" ಅಂದಳು. ಚಿತ್ರದ ಕತ್ತೆಗೂ ಬಾಡಿಗೆ ಕೊಡೋ ಕಾಲ ಬಂತಲ್ಲಪ್ಪಾ ಅಂತ ನಾನು ದಂಗಾದೆ.

೧. ಪುಕ್ಕಟೆ ಜಾಗ

ಮೊದಲು ಪುಕ್ಕಟೆ ಜಾಗ ಹುಡುಕಿದಳು. ಸರಿಯಾಗಿ ತೆರೆಯುತ್ತಾ ನೋಡೋಕೆ ಒಂದು ತುಣುಕು ಅಲ್ಲಿಟ್ಟು, ವಿಳಾಸವನ್ನ ಹಿರಿಯೂರಿನಲ್ಲಿರೋ ನನ್ನ ದೊಡ್ಡ ಮಗನಿಗೆ ಕಳಿಸಿದಳು. ಅವನದು ಪೂರಾ ಬೋಳುತಲೆ. ಐದು ನಿಮಿಷಕ್ಕೆ ಫೋನು ಬಂತು.

"ಅವ್ವಾ, ನಿನ್ನ ಮೊಮ್ಮಗಳಿಗೆ ದೊಡ್ಡಪ್ಪ ಅಂದ್ರೆ ತಮಾಷೇನಾ?"

"ಯಾಕಪ್ಪ, ಏನಾತು?"

"ಕತ್ತೆ ತೋರಿಸ್ತೀನಿ ಅಂತ ಕೂದಲು ಬೆಳೆಸೋ ಎಣ್ಣೆ ತೋರಿಸ್ಯಾಳೆ! ಬೀಗರ ಎದುರಿಗೇ ತೆಗೆದೆ, ಮಾನ ಹೋತು!"

ಪುಕ್ಕಟೆ ಜಾಗದೋರು ಕತ್ತೆಗಿಂತ ಮುಂಚೆ ತಮ್ಮ ಜಾಹೀರಾತು ಹಾಕ್ತಾರಂತೆ. ಅವಳು ತಪ್ಪಾತು ಅಂತ ಹತ್ತು ಸಲ ಹೇಳಿದರೂ ಅವನು ಸಿಟ್ಟಿನಲ್ಲೇ ಫೋನಿಟ್ಟ. ಆಮೇಲೆ ಅವನ ಹೆಂಡತಿ ಮೆಲ್ಲಗೆ ನನಗೆ ಫೋನ್ ಮಾಡಿ ಹೇಳಿದಳು: "ಅತ್ತೆ, ಆ ಎಣ್ಣೆ ಎರಡು ಬಾಟ್ಲಿ ತರಿಸ್ಯಾರೆ."

೨. ಚೌಕಾಸಿ

ಇನ್ನು ದುಡ್ಡು ಕೊಟ್ಟು ಹಿಡಿಯೋ ಜಾಗವೇ ಗತಿ. ಒಂದು ಕಡೆ ಅಗ್ಗ ಇತ್ತು. ಆದರೆ ಎರಡನೇ ವರ್ಷದಿಂದ ಬಾಡಿಗೆ ಮೂರು ಪಟ್ಟು ಅಂತ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದ್ದಾರಂತೆ. ಅವಳು ಓದಿ ಹೇಳಿದ್ದೇ ತಡ, ನಾನು ಎಲೆಅಡಿಕೆ ತಟ್ಟೆ ಆಚೆ ಸರಿಸಿದೆ.

"ಫೋನ್ ಹಚ್ಚು ಅವರಿಗೆ."

"ಅಲ್ಲೆಲ್ಲ ಚೌಕಾಸಿ ನಡೆಯಲ್ಲ ಅಜ್ಜಿ."

"ಭೀಮಸಮುದ್ರದ ವ್ಯಾಪಾರಸ್ಥರ ಮನೇಲಿ ಹುಟ್ಟಿದೋಳು ನಾನು. ಹೇಳಿದ ರೇಟಿಗೆ ಕೊತ್ತಂಬರಿ ಸೊಪ್ಪೂ ತಗಂಡಿಲ್ಲ. ಹಚ್ಚು ಅಂದ್ನಲ್ಲ!"

ಒಬ್ಬ ಹುಡುಗ ಎತ್ತಿದ.

"ಏನಪ್ಪ, ಊಟ ಆತಾ?"

ಅವನು ತಡವರಿಸಿದ. "ಆ... ಆಯ್ತು ಮೇಡಂ."

"ಮದುವೆ ಆಗೈತಾ?"

"ಇಲ್ಲ ಮೇಡಂ."

"ನಾಳೆ ಮದುವೆ ಆಗಿ, ಎರಡನೇ ವರ್ಷಕ್ಕೆ ಹೆಂಡ್ತಿ ಮೂರು ಪಟ್ಟು ಒಡವೆ ಕೇಳಿದ್ರೆ ಎಲ್ಲಿಂದ ತರ್ತೀಯಾ? ನಮ್ಮ ಹುಡುಗಿ ಎಲ್ಲಿಂದ ತರ್ಬೇಕು ಹೇಳು?"

ಹುಡುಗ ಒಂದು ಕೋಡ್ ಹೇಳಿದ. ಅದನ್ನ ಹಾಕಿದರೆ ಬಾಡಿಗೆ ಅರ್ಧ, ಮುಂದಿನ ವರ್ಷಕ್ಕೂ ಅಷ್ಟೇ. ಮೊಮ್ಮಗಳು ಫೋನ್ ಕಿತ್ಕೊಂಡಳು. "ಸರ್, ಎರಡು ದಿನದಿಂದ ಮೆಸೇಜ್ ಮಾಡಿ ಕೇಳ್ತಿದೀನಿ, ನನಗ್ಯಾಕೆ ಇದನ್ನ ಹೇಳಲಿಲ್ಲ?"

"ನೀವು ಊಟ ಆಯ್ತಾ ಅಂತ ಕೇಳಲಿಲ್ಲ ಮೇಡಂ."

೩. ಗುಡುಗು

ಚಿತ್ರವನ್ನ ಆ ಜಾಗಕ್ಕೆ ಏರಿಸೋಕೆ ನಮ್ಮೂರ ನೆಟ್ಟಿಗೆ ಒಂದು ದಿನ ಪೂರ್ತಿ ಬೇಕು. ಶುಕ್ರವಾರ ಮಧ್ಯಾಹ್ನ ಅವಳು ಸ್ನಾನಕ್ಕೆ ಹೋದಾಗ ರಾಮಗಿರಿ ದಿಕ್ಕಿಗೆ ಗುಡುಗಿತು. ಗುಡುಗಿದರೆ ನಮ್ಮಲ್ಲಿ ಯಾರೇ ಆಗಲಿ ಮೊದಲು ಓಡೋದು ಸ್ವಿಚ್ ಬೋರ್ಡಿಗೆ. ಟೀವಿ ಪ್ಲಗ್ ಕಿತ್ತೆ, ಫ್ರಿಜ್ಜಿಂದು ಕಿತ್ತೆ. ಮೂಲೇಲಿ ಮಿಣಿಮಿಣಿ ಅಂತಿದ್ದ ನೆಟ್ಟಿನ ಡಬ್ಬಿದೂ ಕಿತ್ತೆ.

"ಅಜ್ಜೀ! ನೂರಕ್ಕೆ ತೊಂಬತ್ತಾರು ಹೋಗಿತ್ತು!"

"ನಾಲ್ಕೇ ತಾನೇ ಉಳಿದಿರೋದು? ಅಷ್ಟು ಈಗ ಕಳ್ಸು."

"ಮೊದಲಿಂದ ಶುರು ಮಾಡ್ಬೇಕು!"

ಬಸ್ಸು ಕೆಟ್ಟರೆ ರಿಪೇರಿ ಮಾಡಿ ಅಲ್ಲಿಂದಲೇ ಮುಂದೆ ಹೊಡೀತಾರೆ. ಕೆಟ್ಟ ತಕ್ಷಣ ಹೊರಟ ಸ್ಟ್ಯಾಂಡಿಗೇ ವಾಪಸ್ ಬಂದು ನಿಲ್ಲೋ ಬಸ್ಸು ಯಾವ ಲೋಕದ್ದು! ಅವಳು ಒದ್ದೆ ತಲೇಲೇ ಮತ್ತೆ ಶುರು ಮಾಡಿದಳು.

ಅಷ್ಟೆಲ್ಲ ಆಗಿ, ಆ ದಿನ ಒಂದು ಹನಿ ಮಳೆ ಬಿದ್ದಿದ್ರೆ ಹೇಳಿ.

೪. ಕರೆಯೋಲೆ

ಶನಿವಾರ ಸಂಜೆ ಚಿತ್ರ ಪೂರ್ತಿ ಏರಿ, ವಿಳಾಸ ಮೈಸೂರಿಗೆ ಹೋಯ್ತು. ಖುಷೀಲಿ ನನ್ನ ಮೊಬೈಲಿಗೂ ಹಾಕಿ, "ಅಜ್ಜಿ, ನೀನೊಬ್ಬಳೇ ನೋಡು. ಅಗ್ಗದ ಜಾಗ, ಇಷ್ಟು ಸಲ ಮಾತ್ರ ನೋಡಬಹುದು ಅಂತ ಮಿತಿ ಐತೆ" ಅಂದಳು.

ನಾನು ತಲೆಯೇನೋ ಆಡಿಸಿದೆ. ಆದರೆ ಮನೇಲಿ ಒಳ್ಳೇದು ನಡೆದಾಗ ನಾಲ್ಕು ಜನರನ್ನ ಕರೀದಿದ್ರೆ ಬೀದೀಲಿ ಮುಖ ತೋರಿಸೋದು ಹೇಗೆ? ನಮ್ಮ ಮಹಿಳಾ ಸಂಘದ ಗುಂಪಿಗೆ ವಿಳಾಸ ಹಾಕಿ, "ಎಲ್ರೂ ನೋಡ್ರಿ, ಮನೆಮಂದೀಗೂ ತೋರಿಸ್ರಿ" ಅಂತ ಬಾಯಲ್ಲೇ ಹೇಳಿ ಕಳಿಸಿದೆ. ಅವರು ಇನ್ನೊಂದು ಸಂಘಕ್ಕೆ ಹಾಕಿದರು, ಆ ಸಂಘದೋರು ಮತ್ತೊಂದಕ್ಕೆ. ಭಾನುವಾರ ಹೊಸದುರ್ಗದವರೆಗೂ ಕತ್ತೆಯದೇ ಮಾತು.

ಸೋಮವಾರ ಬೆಳಗ್ಗೆ ವಿಳಾಸ ಒತ್ತಿದರೆ 'ಮಿತಿ ಮುಗಿದಿದೆ' ಅಂತ ಬಾಗಿಲು ಬಂದ್! ಅವಳು ನನ್ನ ಕಡೆ ತಿರುಗಿದಳು.

"ಎಷ್ಟು ಜನಕ್ಕೆ ಹೇಳಿದ್ದೆ ಅಜ್ಜಿ?"

"ನಾನು ಹೇಳಿದ್ದು ಒಂದೇ ಗುಂಪಿಗೆ ಕಣವ್ವಾ."

ಸ್ಪೀಕರ್ ಹಾಕಿ ಮೈಸೂರಿನ ಕಂಪನಿ ಮೇಡಂಗೆ ಫೋನ್ ಹಚ್ಚಿದಳು. "ಮೇಡಂ, ನಮ್ಮಜ್ಜಿ ವಿಳಾಸ ಎಲ್ಲರಿಗೂ ಹಂಚಿದ್ದಕ್ಕೆ ಸೈಟೇ ಮುಚ್ಚಿಬಿಟ್ಟಿದೆ. ಇನ್ನೊಂದು ದಿನ ಟೈಮ್ ಕೊಡಿ, ಬೇರೆ ಕಡೆ ಇಟ್ಟು ಕಳಿಸ್ತೀನಿ..."

"ಯಾಕಮ್ಮ? ಚಿತ್ರ ನಿನ್ನೇನೇ ನೋಡಿದೆ. ಫೈಲೂ ಇಳಿಸಿಕೊಂಡಿದೀನಿ."

"ನಿನ್ನೆ ರಜಾ ದಿನಾನೂ ಮೇಲ್ ನೋಡಿದ್ರಾ ಮೇಡಂ?"

"ಮೇಲ್ ಈಗ ತಾನೇ ನೋಡ್ತಿದೀನಿ. ಹೊಸದುರ್ಗದಿಂದ ನಮ್ಮತ್ತೆ ವಿಳಾಸ ಕಳಿಸಿದ್ರು. 'ಯಾವುದೋ ಮುದುಕಿ ಎಷ್ಟು ಚೆಂದ ಕತೆ ಹೇಳ್ಯಾಳೆ, ನಿಮ್ಮ ಕಂಪನಿಯೋರು ಇಂಥದ್ದು ಒಂದಾದ್ರೂ ಮಾಡೀರಾ?' ಅಂತ ಬೈದ್ರು. ಕೆಲಸ ನಿನಗೇ. ಆದ್ರೆ ಒಂದು ಷರತ್ತು. ಇನ್ಮುಂದೆ ಚಿತ್ರದ ವಿಳಾಸ ನಿಮ್ಮಜ್ಜಿ ಕೈಗೆ ಸಿಗಬಾರದು."

ಮುದುಕಿಯಂತೆ! ನನ್ನ ಕಿವಿ ನಾನೇ ನಂಬಲಿಲ್ಲ.

ಈಗ ಎರಡನೇ ಚಿತ್ರ ತಯಾರಾಗಿದೆ. ಮೊಮ್ಮಗಳು ಎಷ್ಟೇ ಬಚ್ಚಿಟ್ಟರೂ ಅದರ ವಿಳಾಸ ನನಗೆ ಸಿಕ್ಕಿತು. ಆದರೆ ಈ ಸಲ ನಾನು ಸಂಘಕ್ಕೂ ಹೇಳಿಲ್ಲ, ಪಕ್ಕದ ಮನೆಯೋರಿಗೂ ಹೇಳಿಲ್ಲ. ಆ ಮೇಡಮ್ಮನ ಅತ್ತೆಗೆ ಮಾತ್ರ ಹೇಳಿದೀನಿ.