ನಕಲಿನ ಖರ್ಚು ಮಾತ್ರ

ತಾಪತ್ರಯ ಶುರುವಾದದ್ದು ಕ್ಷೌರದ ಕುರ್ಚಿಯಲ್ಲಿ. ಮಾಂಗ್ ತೊರ್ಯೊನ ಅರ್ಧ ಗಡ್ಡ ಬೋಳಿಸಿ ಮುಗಿಸಿದ ಕಾ ನೇಸ್ಯೊ, "ನಿನ್ನ ಲೂಮಿಂಗ್‌ಗೆ ಬಲಗೆನ್ನೇಲಿ ಒಂದು ಮಚ್ಚೆ ಇತ್ತಲ್ವೇನೋ?" ಎಂದ.

"ಎಡಗೆನ್ನೇಲಿ," ಎಂದ ತೊರ್ಯೊ. ಅಂದನೇ ಹೊರತು, ಎಡವೋ ಬಲವೋ, ಅವನಿಗೇ ಖಾತ್ರಿಯಿರಲಿಲ್ಲ. ಹೆಂಡತಿ ತೀರಿಹೋದ ಮೇಲೆ ಅವಳ ಮುಖ ಬಚ್ಚಲುಮನೆಯ ಸೋಪಿನಂತೆ ದಿನಾ ಇಷ್ಟಿಷ್ಟೇ ಸವೆಯುತ್ತಿತ್ತು. ಫೋಟೋಗಳಿದ್ದ ಪೆಟ್ಟಿಗೆಯನ್ನು ಎಂದೋ ಪ್ರವಾಹ ಹೊತ್ತೊಯ್ದಿತ್ತು.

"ಜೀಪ್ನಿ ಗಾಡಿಗಳ ಮುಷ್ಕರದ ದಿನ ಮುನಿಸಿಪಾಲಿಟಿಯೋರು ಫೋಟೋ ತೆಗೆದಿದ್ರಲ್ಲ," ಎಂದ ಕಾ ನೇಸ್ಯೊ. ಆ ಮುಷ್ಕರದ ಮುಖಂಡ ಅವನೇ. ಆವತ್ತಿನಿಂದ ಊರು ಅವನ ಹೆಸರಿಗೆ, ಹಿರಿಯರಿಗೆಲ್ಲ ಸಿಗುವ 'ಮಾಂಗ್' ಬಿಟ್ಟು, 'ಕಾ' ಅಂತ ಗೌರವ ಅಂಟಿಸಿತ್ತು. "ನಮ್ಮನ್ನ ಕೇಸಲ್ಲಿ ಸಿಕ್ಸೋಕೆ ತೆಗೆದದ್ದು. ಲೂಮಿಂಗ್ ಗಂಜಿ ಹಂಡೆ ಮುಂದೇನೇ ನಿಂತಿದ್ಲು. ಸರ್ಕಾರ ನಮ್ಮ ಅನ್ನ ಕಳೀಬಹುದು ಕಣೋ, ನಮ್ಮ ಮೇಲಿನ ಕಾಗದ ಕಳೆಯಲ್ಲ."

ತೊರ್ಯೊ ಅರ್ಧ ಗಡ್ಡದಲ್ಲೇ ಎದ್ದು ಹೊರಟ. ಕತ್ತರಿ ಹಿಡಿದು ಕಾ ನೇಸ್ಯೊ ಹಿಂದೆ ಬಂದ. ಬೀದಿಯಲ್ಲಿ ಬಾಳೆಹಣ್ಣಿನ ತುರೋನ್ ಕರಿದು ಮಾರುವ ಆಲಿಂಗ್ ಚಾರಿಂಗ್, "ಗಂಡಸ್ರಿಬ್ರೇ ಹೋದ್ರೆ ಅಲ್ಲಿ ಮಾತಾಡೋರ್ಯಾರು?" ಎಂದು ಬುಟ್ಟಿ ಸಮೇತ ಸೇರಿಕೊಂಡಳು.

ಸೆಪ್ಟೆಂಬರ್ ಬಂದರೆ ಸಾಕು ಆ ದೇಶದಲ್ಲಿ ಹಬ್ಬ ಶುರು, ಮುನಿಸಿಪಾಲಿಟಿ ಕಚೇರಿಯಲ್ಲಿ ಆಗಲೇ ಕ್ರಿಸ್‌ಮಸ್ ಹಾಡು ಮೊಳಗುತ್ತಿತ್ತು. ಗುಮಾಸ್ತೆ ಗ್ರೆಸಿಲ್ಡಾ ಅರ್ಜಿ ಓದಿ, ತೊರ್ಯೊನ ಮುಖದ ಎರಡೂ ಪಕ್ಕಗಳನ್ನು ಹೋಲಿಸಿ ನೋಡಿದಳು.

"ಹುಡುಕೋ ಶುಲ್ಕ, ಏಣಿ ಶುಲ್ಕ, ಧೂಳಿನ ಶುಲ್ಕ ಆಗುತ್ತೆ, ಮಾಂಗ್."

"ಧೂಳು ನಿಮ್ದೇ ಅಲ್ವಾ ತಾಯಿ?" ಎಂದಳು ಚಾರಿಂಗ್.

"ಧೂಳೂ ನಮ್ದೇ, ಸೀನೂ ನಮ್ದೇ. ಮಾತ್ರೆ ಖರ್ಚು ಯಾರ್ದು?"

ಮೊತ್ತ ಕೇಳಿ ತೊರ್ಯೊ ಲೆಕ್ಕ ಹಾಕಿದ. ವಾರದ ಅಕ್ಕಿಯೂ ಒಣಮೀನೂ ಒಟ್ಟಿಗೇ ಮುಳುಗುವ ಹಣ. ಆದರೂ ಅವನ ಕೈ ಜೇಬಿಗೆ ಹೋಯಿತು. ಕಾ ನೇಸ್ಯೊ ಆ ಕೈ ಹಿಡಿದ.

"ಶುಲ್ಕದ ಫಲಕ ಎಲ್ಲಮ್ಮ? ಎಲ್ಲರಿಗೂ ಕಾಣೋ ಹಾಗೆ ಹಾಕಿರ್ಬೇಕಲ್ಲ?"

ಗ್ರೆಸಿಲ್ಡಾ ಗೋಡೆಯ ಮೇಲಿದ್ದ ಎತ್ತಿನಗಾಡಿ ಚಕ್ರದಷ್ಟು ದೊಡ್ಡ ನಕ್ಷತ್ರದೀಪ ತೋರಿಸಿದಳು. "ಅದರ ಹಿಂದೆ ಇದೆ. ಜನವರೀಲಿ ಬನ್ನಿ, ಕಾಣುತ್ತೆ."

ಚಾರಿಂಗ್‌ಗೆ ಜನವರಿಯವರೆಗೆ ಪುರುಸೊತ್ತಿರಲಿಲ್ಲ. ಬೆಂಚು ಹತ್ತಿ ನಕ್ಷತ್ರವನ್ನು ಎಳೆದಳು. ಅದರ ಜೊತೆ ವೈರೂ ಬಂತು, ಗೋಡೆಯ ಒಂದು ಹಿಡಿ ಗಾರೆಯೂ ಬಂತು. ಢಬ್ ಎಂದು ಸದ್ದಾಗಿ ದೀಪ, ಫ್ಯಾನು, ಹಾಡು, ನಕಲು ತೆಗೆಯುವ ಯಂತ್ರ ಎಲ್ಲ ಒಂದೇ ಉಸಿರಿಗೆ ಸತ್ತವು.

ಕಿಟಕಿಯಿಲ್ಲದ ಆ ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ಕಾ ನೇಸ್ಯೊ ಫಲಕ ಓದಿದ: "ದಾಖಲೆ ಹುಡುಕಲು ಶುಲ್ಕವಿಲ್ಲ. ನಕಲಿನ ಖರ್ಚು ಮಾತ್ರ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ."

ಸಾಲಿನಲ್ಲಿದ್ದವರೆಲ್ಲ ಎದ್ದು ನಿಂತರು. "ನಿನ್ನೆ ನನ್ನತ್ರ ಏಣಿ ದುಡ್ಡು ಇಸ್ಕೊಂಡ್ರು. ನನ್ನ ಕಾಗದ ಮೇಜಿನ ಮೇಲೇ ಇತ್ತು," ಎಂದು ಒಬ್ಬಾತ ಕೂಗಿದ. ಕಾ ನೇಸ್ಯೊ ಕುರ್ಚಿ ಹತ್ತಿದ. ಕತ್ತರಿ ಮೇಲೆತ್ತಿ, ಹಳೆಯ ದನಿಯಲ್ಲಿ ಭಾಷಣಕ್ಕೆ ಶುರುವಿಟ್ಟುಕೊಂಡ.

ಆ ದನಿ ಕೇಳಿ ತೊರ್ಯೊ ಹಳೆಯ ಬೀದಿಗೆ ಹೋಗಿಬಿಟ್ಟ. ಉದ್ದಕ್ಕೂ ನಿಂತ ಜೀಪ್ನಿಗಳು, ಶುಂಠಿ ಹಾಕಿದ ಗಂಜಿಯ ಹಬೆ. ಲೂಮಿಂಗ್ ಸೌಟಿನಿಂದ ಹಂಡೆ ಬಡಿದು ಗದರುತ್ತಿದ್ದಳು: "ಮುಖ ತೊಳೀದೋರಿಗೆ ಗಂಜಿ ಇಲ್ಲ. ಹಕ್ಕು ಕೇಳೋಕೆ ಬಂದೋರು ನೋಡೋಕಾದ್ರೂ ಮನುಷ್ಯರ ಥರ ಇರಿ." ದನಿ ಕಿವಿಯಲ್ಲೇ ಇತ್ತು, ಸೊಂಟಕ್ಕೆ ಬಿಗಿದ ಬಟ್ಟೆಯ ಬಣ್ಣವೂ ಇತ್ತು. ಮುಖವೊಂದೇ ಹಬೆಯಿಂದ ಈಚೆ ಬರಲೊಲ್ಲದು.

ಬಾಯಲ್ಲಿ ಪನ್ಸಿತ್ ಶಾವಿಗೆ ನೇತಾಡಿಸಿಕೊಂಡೇ ಮೇಲಧಿಕಾರಿ ಓಡಿಬಂದ. ಜನರನ್ನು ನೋಡಿದ, ಕತ್ತರಿಯನ್ನು ನೋಡಿದ. "ನಕಲಿನ ಖರ್ಚು ಮಾತ್ರ," ಎಂದು ಶಾವಿಗೆ ನುಂಗಿಕೊಂಡ.

ಕರೆಂಟು ಬರುವ ಹೊತ್ತಿಗೆ ಸಂಜೆಯಾಯಿತು. ಚಿಲ್ಲರೆ ಎಣಿಸಿಕೊಟ್ಟು ಫೋಟೋದ ನಕಲಿದ್ದ ಲಕೋಟೆ ಪಡೆದ ತೊರ್ಯೊನನ್ನು ಜನ ಹೊತ್ತುಕೊಂಡೇ ಹೊರಗೆ ತಂದರು. ಗೆದ್ದ ಖುಷಿಯಲ್ಲಿ ಚಾರಿಂಗ್ ಎಲ್ಲರಿಗೂ ತುರೋನ್ ಹಂಚಿ, ದುಡ್ಡನ್ನು ತೊರ್ಯೊನಿಂದ ವಸೂಲು ಮಾಡಿದಳು.

ಅವನು ಲಕೋಟೆ ತೆರೆದ. ಜೀಪ್ನಿಗಳಿದ್ದವು, ಹಂಡೆಯಿತ್ತು. ಸೌಟು ಹಿಡಿದ ಕೈಯೂ ಇತ್ತು. ಪ್ರತಿ ಕತ್ತಿನ ಮೇಲೂ ಒಂದೊಂದು ಕಪ್ಪು ಚೌಕ.

ಬಾಗಿಲು ಹಾಕುತ್ತಿದ್ದ ಗ್ರೆಸಿಲ್ಡಾಳ ಬಳಿ ಓಡಿದ. "ಮುಖ ಎಲ್ಲಮ್ಮ?"

"ಬೇರೆಯೋರ ಮುಖ ಕೊಡೋ ಹಾಗಿಲ್ಲ, ಮಾಂಗ್. ಅವರ ಸಹಿ ಬೇಕು."

"ಅವಳು ನನ್ನ ಹೆಂಡ್ತಿ. ಸತ್ತೋಗಿದಾಳೆ."

ಗ್ರೆಸಿಲ್ಡಾಳ ಮುಖ ಸಣ್ಣದಾಯಿತು. "ಮೊದ್ಲೇ ಹೇಳಬಾರ್ದಿತ್ತಾ? ದಿನಾ ಕಂಪ್ಯೂಟರಲ್ಲೇ ಮರೆಮಾಡ್ತೀವಿ. ಇವತ್ತು ನೀವೇ ಕರೆಂಟ್ ತೆಗೆಸಿದ್ರಲ್ಲ, ಸುಮ್ನೆ ಕೂರೋದ್ಯಾಕೆ ಅಂತ ಮೂಲ ಫೋಟೋ ಮೇಲೇ ಬಳಿದುಬಿಟ್ಟೆ. ಇದ್ದಿದ್ದು ಅದೊಂದೇ."

ತೊರ್ಯೊ ಬಾಗಿಲ ಚಿಲಕ ಹಿಡಿದುಕೊಂಡ. ಮೆಲ್ಲಗೆ ಕೇಳಿದ: "ಬಳಿಯೋ ಮುಂಚೆ ನೋಡಿರ್ತೀಯಲ್ಲಮ್ಮ. ಮಚ್ಚೆ ಯಾವ ಕೆನ್ನೇಲಿತ್ತು?"

"ಕತ್ತಲಲ್ವಾ ಮಾಂಗ್, ಕಾಣಿಸ್ಲಿಲ್ಲ." ಪಾಪ ಅನ್ನಿಸಿರಬೇಕು, ಅವನ ಭುಜ ಮುಟ್ಟಿ ಸಮಾಧಾನ ಹೇಳಿದಳು: "ಆದ್ರೆ ಮಸಿಗೆ ನಿಮ್ಮತ್ರ ಒಂದು ಕಾಸೂ ಹಿಡಿದಿಲ್ಲ. ನಿಯಮ ಅಂದ್ರೆ ನಿಯಮ."