ಮಾಮಾ ಬರೆದುಕೊಟ್ಟ ಮುಚ್ಚಳಿಕೆ

ನಮ್ಮ ಮಾಮಾ, ಅಂದರೆ ಅವ್ವನ ಅಣ್ಣ, ಅವರಷ್ಟು ಶಾಂತ ಮನುಷ್ಯ ಏಕಸಂಬಿಯ ಸುತ್ತಮುತ್ತ ಎಲ್ಲೂ ಇರಲಿಲ್ಲ. ಆದರೆ ಒಂದೇ ವರ್ಷ, ಅದೂ ಸರಕಾರಿ ಹುಕುಮಿನ ಮೇಲೆ! ಉಳಿದ ಕಾಲದಲ್ಲಿ ಹೇಗಿದ್ದರು ಎನ್ನುವುದು ಮನೆಯ ಸೊಟ್ಟಗಾದ ತಾಟುಗಳನ್ನು ನೋಡಿದರೆ ತಿಳಿಯುತ್ತಿತ್ತು.

ಎಂಬತ್ತರ ದಶಕದ ಮಾತು. ಬಾಜೂ ಹೊಲದವರು ಮಾಮಾ ಅವರ ಬಾಲ್ಯದ ಗೆಳೆಯ. ಇಬ್ಬರಿಗೂ ಒಂದೇ ಬಾವಿ. ಕಬ್ಬಿಗೆ ನೀರು ಹಾಯಿಸುವ ಪಾಳಿಯ ಸಲುವಾಗಿ ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕೊನೆಗೊಮ್ಮೆ ಒಬ್ಬರ ಮೇಲೊಬ್ಬರು ಸಲಿಕೆ ಎತ್ತಿದಾಗ ಪೊಲೀಸ್ ಫೌಜದಾರರು ಇಬ್ಬರನ್ನೂ ಚಿಕ್ಕೋಡಿಯ ಮಾಮಲೇದಾರರ, ಅಂದರೆ ತಹಶೀಲ್ದಾರರ, ಮುಂದೆ ನಿಲ್ಲಿಸಿದರು. ಅವರು ಮುಚ್ಚಳಿಕೆ ಬರೆಸಿಕೊಂಡರು. ಮುಚ್ಚಳಿಕೆ ಅಂದರೆ ಮತ್ತೇನಲ್ಲ, ‘ಒಂದು ವರ್ಷ ಶಾಂತತೆ ಕಾಪಾಡುತ್ತೇನೆ, ತಪ್ಪಿದರೆ ದಂಡ ತೆರುತ್ತೇನೆ’ ಎಂದು ಕೋರ್ಟಿಗೆ ಸಹಿ ಹಾಕಿ ಕೊಡುವ ಕರಾರು. ಬೇರೆಯವರಾದರೆ ಬರೆದುಕೊಟ್ಟು ಮರೆಯುತ್ತಾರೆ. ನಮ್ಮ ಮಾಮಾ ಮರೆಯುವವರೇ?

ಮರುದಿನವೇ ಪಲ್ಯಕ್ಕೆ ಉಪ್ಪಿರಲಿಲ್ಲ. ತಾಟು ಹಾರಿಬರುವ ದಾರಿ ಬಿಟ್ಟು ಮಾಮಿ ಪಕ್ಕಕ್ಕೆ ನಿಂತರು. ಮಾಮಾ ಕಣ್ಣುಮುಚ್ಚಿ ನುಂಗಿ, “ಚಲೋ ಆಗೇತಿ” ಎಂದರು. ಮಾಮಿಯ ಎದೆ ಝಲ್ಲೆಂದಿತು.

“ಜ್ವರಾ ಬಂದಾವೇನ್ರಿ?”

“ಮುಚ್ಚಳಿಕಿ ಬರದ ಕೊಟ್ಟೇನಿ.”

“ಅದು ಹೊಲದ ಜಗಳಕ್ಕ ಅಲ್ಲೇನ್ರಿ?”

“ಶಾಂತತಾ ಕಾಪಾಡ್ತೇನಿ ಅಂತ ಬರದೇನಿ. ಪಲ್ಯಾ ಬಿಟ್ಟು ಅಂತ ಬರದಿಲ್ಲ.”

ಇನ್ನೊಮ್ಮೆ ನಿಪ್ಪಾಣಿ ಬಸ್ಸಿಗೆ ಕಿಟಕಿಯಿಂದ ಟಾವೆಲ್ ಹಾಕಿ ಸೀಟು ಹಿಡಿದರು. ಒಳಗೆ ಹೋಗುವಷ್ಟರಲ್ಲಿ ಯಾರೋ ಪುಣ್ಯಾತ್ಮ ಅದರ ಮೇಲೆಯೇ ಕುಳಿತಿದ್ದ. ಮೊದಲಿನ ಮಾಮಾ ಆಗಿದ್ದರೆ ಆ ಬಸ್ಸು ನೇರ ಪೊಲೀಸ್ ಠಾಣೆಗೇ ಹೋಗಬೇಕಾಗುತ್ತಿತ್ತು. ಈಗಿನ ಮಾಮಾ ಟಾವೆಲ್ಲಿನ ತುದಿ ಹಿಡಿದುಕೊಂಡು ನಿಪ್ಪಾಣಿಯವರೆಗೂ ನಿಂತೇ ಹೋದರು.

ಬಾವಿಯ ಕಥೆ ಇನ್ನೂ ಚೆಂದ. “ನೀ ಮೊದಲ ಹಾಯಿಸ್ಕೊ” ಎಂದು ಇವರು, “ಇಲ್ಲ, ನೀನ ಹಾಯಿಸ್ಕೊ” ಎಂದು ಅವರು. ಈ ಶಾಂತತೆಗೆ ಇಬ್ಬರ ಕಬ್ಬೂ ಒಣಗತೊಡಗಿತು! ಕಡೆಗೆ ಮಾಮಾ ಹಟ ಹಿಡಿದು ಒಂದು ವ್ಯವಸ್ಥೆ ಮಾಡಿದರು. “ನಿನ್ನ ಶಾಂತತಾ ನಾ ಕಾಯ್ತೇನಿ, ನಂದು ನೀ ಕಾಯಿ.” ಹೀಗೆ ಪಾಳಿಯಂತೆ ನೀರು ಬಿಟ್ಟು, ಒಬ್ಬರನ್ನೊಬ್ಬರು ಕಾಯುತ್ತ ದಿನಾ ಬಾವಿಯ ದಂಡೆಯ ಮೇಲೆ ಕೂತರು. ಕಾಯುವವರಿಗೆ ಚಹಾ ಬೇಡವೇ? ಚಹಾದ ಹಿಂದೆಯೇ ಹಳೆಯ ಹರಟೆಯೂ ಬಂತು.

ಮುಚ್ಚಳಿಕೆಯ ಮುದತು ಮುಗಿದ ದಿನ ಇಬ್ಬರೂ ಚಿಕ್ಕೋಡಿಗೆ ಬಂದು, ಅಲ್ಲಿ ಕಾಲೇಜು ಓದುತ್ತಿದ್ದ ನನ್ನನ್ನೂ ಕಚೇರಿಗೆ ಎಳೆದುಕೊಂಡು ಹೋದರು.

“ಸಾಹೇಬ್ರ, ಇನ್ನೊಂದ ವರ್ಷದ್ದು ಬರಕೊಳ್ರಿ” ಎಂದರು ಮಾಮಾ.

ಕಾರಕೂನ ತಲೆ ಎತ್ತಿದ. “ಹಂಗ ಬರಕೊಳ್ಳಾಕ ಬರೂದಿಲ್ರಿ. ಅದಕ್ಕ ಜಗಳಾ ಆಗಬೇಕ.”

ಇಬ್ಬರೂ ಮೂಲೆಗೆ ಹೋಗಿ ಏನೋ ಪಿಸುಗುಟ್ಟಿ ಬಂದರು. “ಇಲ್ಲೇ ಮಾಡೂಣೇನ್ರಿ, ಹೊರಗ ಮಾಡೂಣ?”

ಕಾರಕೂನ ನಮ್ಮ ಮೂವರನ್ನೂ ಹೊರಗೆ ಹಾಕಿದ.

ಬಸ್ ಸ್ಟ್ಯಾಂಡಿನವರೆಗೆ ನಾನು ನಗುತ್ತಲೇ ಬಂದೆ. ಅಲ್ಲಿ ಕಲ್ಲಿನ ಮೇಲೆ ಕುಳಿತು ಮಾಮಾ ಗೆಳೆಯನಿಗೆ ಹೇಳಿದರು: “ಸರಕಾರದ ಅಂಜಿಕಿ ಅಂತ ಹೇಳ್ಕೋತ ಇಡೀ ವರ್ಷ ನಿನ್ನ ಬಾಜೂ ಕುಂತೆ. ನಾಳಿಂದ ಏನ ನೆಪಾ ಹೇಳಿ ಬರ್ಲಿ?” ಮಾಮಾ ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ನಗು ಅಲ್ಲಿಗೇ ನಿಂತಿತು.

ಗೆಳೆಯ ಅದೇ ಕಲ್ಲಿನ ಮೇಲೆ ಮಾಮಾ ಅವರ ಪಕ್ಕಕ್ಕೆ ಸರಿದು ಕುಳಿತರು. “ಜಗಳಾ ಮಾಡಾಕರ ಬಾರಲೇ. ನೀ ಮಾತ ಬಿಟ್ಟ ಮ್ಯಾಲ ನನ್ನ ಬೈಯಾಕೂ ಯಾರೂ ಇರ್ಲಿಲ್ಲ.”

ಬಸ್ಸು ಬಂತು. ಮಾಮಾ ಮುಖ ಆಚೆ ತಿರುಗಿಸಿಕೊಂಡು, ಗೆಳೆಯನ ಕೈ ಬಿಡದೆಯೇ ಹತ್ತಿದರು.