ಕಂಪ್ಯೂಟರ್ ಮುಟ್ಟದೆ ಕಲಿತದ್ದು

ಊಹಿಸಿರಿ ನೋಡೋಣ: ಹೈಸ್ಕೂಲು ಮಾಸ್ತರರನ್ನೆಲ್ಲ ಕಂಪ್ಯೂಟರ್ ಕಲಿಸುತ್ತೇವೆಂದು ಕೊಪ್ಪಳಕ್ಕೆ ಕರೆಸಿ, ಒಬ್ಬೊಬ್ಬರ ಕೈಗೂ ಏನು ಕೊಟ್ಟಿರಬಹುದು? ಪುಸ್ತಕ ಅಲ್ಲ, ಪೆನ್ನೂ ಅಲ್ಲ. ಬೋರ್ಡು ಒರೆಸುವ ಡಸ್ಟರ್! ನಾನು ನಿವೃತ್ತನಾಗಿ ಆರಾಮಾಗಿದ್ದೇನೆ. ಆದರೂ ಈ ತರಬೇತಿಗಳು ನೆನಪಾದರೆ ಸಿಟ್ಟು ಒಲೆ ಮೇಲಿನ ಹಾಲಿನಂತೆ ಉಕ್ಕುತ್ತದೆ. ನಮ್ಮ ಇಲಾಖೆಯಲ್ಲಿ ಇಂಥವು ಒಂದು ಮುಗಿಯುವುದರೊಳಗೆ ಇನ್ನೊಂದು ಹುಟ್ಟುತ್ತಿದ್ದವು.

ಡಸ್ಟರ್

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಕರೆಂಟ್ ಇರಲಿಲ್ಲ. ತರಬೇತಿ ಕೊಡುವ ಹುಡುಗ ಬೋರ್ಡಿನ ಮೇಲೆ ಕಂಪ್ಯೂಟರ್ ಚಿತ್ರ ಬರೆದು, "ಕೈಯಾಗಿರೋ ಡಸ್ಟರನ್ನ ಮೌಸ್ ಅಂತ ತಿಳ್ಕೋರಿ. ಎಡಕ್ಕ ಸರಸ್ರಿ" ಎಂದ.

ಸರಿಸಿದೆವು.

"ಪರದೆ ಮ್ಯಾಲೆ ಬಾಣ ಎಲ್ಲಿ ಹೋತ್ರಿ?" ಎಂದೆ.

"ಅದೂ ಎಡಕ್ಕ ಹೋತು ಅಂತ ತಿಳ್ಕೋರಿ ಸರ್."

ಸಂಜೆಯವರೆಗೂ ತಿಳಿದುಕೊಂಡೆವು. ಮೈಯೆಲ್ಲ ಸೀಮೆಸುಣ್ಣದ ಪುಡಿ. ಯಲಬುರ್ಗಾದ ಗಣಿತದ ಮಾಸ್ತರರು ಕೆಮ್ಮುತ್ತಾ ಎದ್ದು ನಿಂತು, "ನನ್ನ ಮೌಸು ಭಾಳ ಧೂಳ ಕಾರಾಕತ್ತೈತಿ. ಇದನ್ನ ಗ್ವಾಡಿಗೆ ಬಡದು ಝಾಡಿಸ್ಕೊಂಡು ಬರ್ಲೇನು?" ಎಂದರು.

ಕೀಲಿ

ಕುಷ್ಟಗಿ ಕಡೆಯ ನಮ್ಮ ಶಾಲೆಗೂ ಕೊನೆಗೆ ಕಂಪ್ಯೂಟರ್ ಬಂದವು. ಹೆಡ್ ಮಾಸ್ತರರು ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಕೋಣೆಗೆ ಬೀಗ ಜಡಿದು, ಕೀಲಿ ತಮ್ಮ ಉಡದಾರಕ್ಕೆ ಕಟ್ಟಿಕೊಂಡರು. ನನಗೋ ಒಂದೇ ಆಸೆ: ಸರ್ವಿಸ್ ಮುಗಿಯುವುದರೊಳಗೆ ಒಂದು ಪಾಠವನ್ನಾದರೂ ಅದರ ಮೇಲೆ ಮಕ್ಕಳಿಗೆ ತೋರಿಸಬೇಕು.

"ಸರ್, ದಿನಾ ಒಂದೀಟು ಕುಂತು ಕಲೀತೀನ್ರಿ."

"ಕೆಟ್ರ ಯಾರು ಜವಾಬ್ದಾರಿ?"

"ಹಂಗಾದ್ರ ಕಲಿಯೋದು ಬ್ಯಾಡೇನ್ರಿ?"

"ಛೇ ಛೇ! ಯಾರಂದ್ರು? ಛಲೋತ್ನಂಗ ಕಲೀರಿ. ಮುಟ್ಟಬ್ಯಾಡ್ರಿ, ಅಷ್ಟ!"

ಸೀನಿಯಾರಿಟಿ

ಗಂಗಾವತಿಯ ತರಬೇತಿಯಲ್ಲಿ ಕರೆಂಟೂ ಇತ್ತು, ನಿಜವಾದ ಕಂಪ್ಯೂಟರೂ ಇತ್ತು. ಆದರೆ ಇಡೀ ಗುಂಪಿಗೆ ಒಂದೇ. ಯಾರು ಮೊದಲು ಕೂರಬೇಕು? ನಮ್ಮವರಿಗೆ ಊಟದ ಪಂಕ್ತಿಗೂ ಸೀನಿಯಾರಿಟಿ ಬೇಕು, ಇದಕ್ಕೆ ಬಿಟ್ಟಾರೆಯೇ? ಎಲ್ಲರಿಗಿಂತ ಹಿರಿಯರು ಕುರ್ಚಿ ಹಿಡಿದವರು ಊಟದ ಹೊತ್ತಿನವರೆಗೆ ಏಳಲಿಲ್ಲ. ಅವರು ಎದ್ದರೆ ಅವರಿಗಿಂತ ಒಂದು ವರ್ಷ ಕಿರಿಯರು. ನಾನು ಹಿಂದೆ ನಿಂತು ಬರೀ ಬೋಳು ತಲೆಗಳನ್ನು ನೋಡಿದೆ. ಸಂಜೆ ನನ್ನ ಪಾಳಿ ಬಂತು. ಕೈ ಒರೆಸಿಕೊಂಡು ಕೂತೆ. ತರಬೇತಿಯವರು ಗಡಿಯಾರ ನೋಡಿ, "ಸರ್, ಛಲೋ ಆತು. ನೀವು ಬಂದ್ ಮಾಡೋದು ಕಲ್ತಬಿಡ್ರಿ" ಎಂದರು.

ಸನ್ಮಾನ

ನನ್ನ ಸರ್ವಿಸಿನ ಕೊನೆಯ ವರ್ಷ. ಮಾಸ್ತರರು ಕಂಪ್ಯೂಟರಿನಲ್ಲಿ ಪಾಠ ಮಾಡುವ ಫೋಟೋ ಕಳಿಸಿರೆಂದು ಮೇಲಿನಿಂದ ಆದೇಶ ಬಂತು. ಹೆಡ್ ಮಾಸ್ತರರು ಬೀಗ ತೆಗೆದು ನನ್ನನ್ನು ಕೂರಿಸಿದರು. ಕಂಪ್ಯೂಟರಿಗೆ ಅಡಿಯಿಂದ ಮುಡಿಯವರೆಗೆ ಹೂವಿನ ಚಿತ್ತಾರದ ಗವಸು.

"ಸರ್, ಗವಸ್ ತಗೀಲೇನ್ರಿ?"

"ಹುಚ್ಚದೀರೇನ್ರಿ? ಧೂಳ ಕುಂದ್ರತೈತಿ! ಮ್ಯಾಲ ಬೆರಳಿಟ್ಟು ನಗ್ರಿ."

ನಗು ಎಲ್ಲಿಂದ ಬರಬೇಕು? ಹಲ್ಲು ಕಿರಿದೆ. ಮಾರನೆಯ ತಿಂಗಳು ಕೊಪ್ಪಳದ ಸಮಾರಂಭಕ್ಕೆ ಕರೆ ಬಂತು. ಹೋಗಿ ನೋಡಿದರೆ ಬ್ಯಾನರಿನ ಮೇಲೆ ನಾನು! ಗವಸಿನ ಮೇಲೆ ಹತ್ತೂ ಬೆರಳು. ಕೆಳಗೆ ‘ಡಿಜಿಟಲ್ ಯುಗದ ಮಾದರಿ ಶಿಕ್ಷಕ’. ಶಾಲು ಹೊದಿಸಿ, ಹಾರ ಹಾಕಿ, ಇಲಾಖೆಯ ಸಾಹೇಬರು ಮೈಕ್ ಕೊಟ್ಟು, "ನಿಮ್ಮ ಅನುಭವ ಹೇಳ್ರಿ" ಎಂದರು.

ಇಷ್ಟು ವರ್ಷದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. "ಸಾಹೇಬ್ರ, ಖರೇ ಹೇಳ್ತೀನಿ. ನಮ್ಮ ಸಾಲಿ ಕಂಪ್ಯೂಟರ್ ಮಾರಿ ಸುದ್ದಾ ನಾ ಇನ್ನೂ ನೋಡಿಲ್ಲ. ನನಗ ಏನೂ ಬರೂದಿಲ್ರಿ!" ಎಂದೆ.

ಸಾಹೇಬರು ಗದ್ಗದಿತರಾಗಿ ಮೈಕ್ ಇಸಿದುಕೊಂಡು, "ನೋಡ್ರಿ, ಎಷ್ಟು ಕಲಿತ್ರೂ ಏನ್ ವಿನಯ! ಉಳಿದ ಮಾಸ್ತರರಿಗೆಲ್ಲ ಇನ್ನ ಇವ್ರೇ ಕಂಪ್ಯೂಟರ್ ತರಬೇತಿ ಕೊಡ್ತಾರ" ಎಂದರು.

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ನಮ್ಮ ಹೆಡ್ ಮಾಸ್ತರರು. ಅವತ್ತು ಸೆಪ್ಟೆಂಬರ್ ಐದು, ಶಿಕ್ಷಕರ ದಿನಾಚರಣೆ.